ಬಳೆಗಾರರ ಬೀದಿಯ ಮೇಲೆ ಹೊಸ ಡಿಸ್ಕು

ನಮ್ಮ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಬೀದಿಗಳು ಹೊರಟುಹೋಗುತ್ತವೆ. ಬೆಳಗಾಗುತ್ತಲೇ ಪುರಸಭೆಯ ಯಂತ್ರ ಒಂದೊಂದರ ಹೆಸರು ಹಿಡಿದು ಕರೆಯುತ್ತದೆ, ಆಗ ಬರುತ್ತವೆ. ಜನ ಅವರವರ ಬೀದಿಯ ಜೊತೆಗೇ ಹೋಗಿ ಅದರ ಜೊತೆಗೇ ಬರುವುದರಿಂದ ಯಾರಿಗೂ ದೊಡ್ಡ ತೊಂದರೆಯೇನಿಲ್ಲ. ರಾತ್ರಿ ಕಿಟಕಿ ತೆಗೆದರೆ ಎದುರು ಮನೆಯ ಜಗಲಿ ಕಾಣುತ್ತದೆ, ಬೀದಿಯ ಕೊನೆಯ ದೀಪದ ಕಂಬ ಕಾಣುತ್ತದೆ. ಅದರಾಚೆ ಏನೂ ಇರುವುದಿಲ್ಲ. ತೆಳ್ಳನೆಯ ಗಾಳಿಯೊಂದು ಬೀಸುತ್ತಿರುತ್ತದೆ, ಅಷ್ಟೆ. ಪುರಸಭೆಯ ಕಟ್ಟಡ, ಕೆರೆ, ಕೆರೆಯ ಪಕ್ಕದ ಬಯಲು, ಇವು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ನಾವು ಕಲಿತಿದ್ದೇವೆ. ಮದುವೆಗಳೆಲ್ಲ ಹಗಲಲ್ಲೇ ಮುಗಿಯುತ್ತವೆ. ಮಗಳಿಗೆ ದಿನ ತುಂಬುತ್ತ ಬಂದರೆ ತಾಯಿ ಮೊದಲೇ ಅವಳ ಬೀದಿಗೆ ಹೋಗಿ ಇದ್ದುಬಿಡುತ್ತಾಳೆ. ಡಾಕ್ಟರು ಪಾಳಿಯ ಮೇಲೆ ಒಂದೊಂದು ರಾತ್ರಿ ಒಂದೊಂದು ಬೀದಿಯಲ್ಲಿ ಮಲಗುತ್ತಾರೆ. ಅವರ ಪಾಳಿ ಬರುವ ತನಕ ಜ್ವರವನ್ನು ತಡೆದಿಟ್ಟುಕೊಳ್ಳುವುದು ಜನಕ್ಕೆ ಅಭ್ಯಾಸವಾಗಿದೆ. ಬೇರೆ ಬೀದಿಯವರ ಜೊತೆ ಜಗಳಕ್ಕೆ ನಿಂತವರು ಸಂಜೆಯೊಳಗೆ ಮಾತು ಮುಗಿಸುತ್ತಾರೆ. ಇಲ್ಲವಾದರೆ ಉಳಿದ ಮಾತನ್ನು ರಾತ್ರಿಯಿಡೀ ಬಾಯಲ್ಲೇ ಇಟ್ಟುಕೊಂಡಿರಬೇಕು.

ಇನ್ನೊಂದು ಪದ್ಧತಿಯಿದೆ. ಯಾವ ಬೀದಿಯಿಂದ ಹೊರಡುವಾಗಲೂ ಅದರ ಬಾಯಲ್ಲಿ ನಿಂತು ‘ಹೋಗಿ ಬರ್ತೀನಿ’ ಎನ್ನಬೇಕು. ಒಳಗಿರುವ ಯಾರಾದರೊಬ್ಬರು, ಗುರುತಿಲ್ಲದವರಾದರೂ ಸರಿ, ‘ಹೋಗಿ ಬನ್ನಿ’ ಎನ್ನಬೇಕು. ಆಗಲೇ ಬೀದಿ ನಮ್ಮನ್ನು ಬಿಟ್ಟುಕೊಡುವುದು. ಹೇಳದೆ ಹೋದವರನ್ನು ಅದು ಇನ್ನೂ ಒಳಗಿದ್ದಾರೆಂದೇ ತಿಳಿದಿರುತ್ತದೆ. ಅಂಥವರೊಬ್ಬರಿದ್ದರೆ ಸಂಜೆ ಹೊರಡುವಾಗ ಬೀದಿ ತಡವರಿಸುತ್ತದೆ, ಹೆಂಚುಗಳು ಗಲಗಲ ಎನ್ನುತ್ತವೆ. ಆಗ ಯಾರಾದರೂ ಓಡಿ ಹೋಗಿ ಆ ಮರೆತ ಮನುಷ್ಯನನ್ನು ಹುಡುಕಿ ಕರೆತಂದು ಹೇಳಿಸುತ್ತಾರೆ.

ನಾನಿರುವುದು ಬಳೆಗಾರರ ಬೀದಿಯಲ್ಲಿ. ಬೀದಿಯ ಬಾಯಲ್ಲಿ ಒಂದು ನಲ್ಲಿಯಿದೆ. ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ನಲ್ಲಿಯಿಂದ ಮೂರನೆಯ ಮನೆ ನಮ್ಮದು. ದಿನಾ ಬೆಳಿಗ್ಗೆ ನಾನು ಆ ನಲ್ಲಿಯ ಹತ್ತಿರ ನಿಂತು ‘ಹೋಗಿ ಬರ್ತೀನಿ’ ಎಂದು ಕೂಗುತ್ತೇನೆ. ಕೂಗಿದ ಮೇಲೆ, ಒಲೆ ಆರಿಸಿದ್ದೇವೋ ಇಲ್ಲವೋ, ಹಿತ್ತಿಲ ಅಗಳಿ ಹಾಕಿದ್ದೇನೋ ಇಲ್ಲವೋ ಎಂದು ಅನುಮಾನ ಬಂದು ಹಿಂತಿರುಗಿ ನೋಡುತ್ತೇನೆ. ಆಗ ನನ್ನ ಹೆಂಡತಿ ಕಮಲಾಕ್ಷಿ ಬಾಗಿಲಲ್ಲಿ ನಿಂತು, “ಹೋಗಿ ಬನ್ನಿ. ಎಲ್ಲ ಸರಿಯಾಗಿದೆ” ಎನ್ನುತ್ತಾಳೆ. ಅವಳು ಅಷ್ಟು ಹೇಳದಿದ್ದರೆ ನನ್ನ ಕಾಲು ಮುಂದೆ ಹೋಗುವುದಿಲ್ಲ.

ಯಂತ್ರದ ಕೆಲಸ ನನಗೆ ಹೇಗೆ ಬಂತೆಂದರೆ, ಬೇರೆ ಯಾರೂ ಬೇಡವೆಂದದ್ದರಿಂದ ಬಂತು. ಮೊದಲು ನಾನು ಪುರಸಭೆಯಲ್ಲಿ ನೀರಿನ ವಿಭಾಗದ ಗುಮಾಸ್ತ. ಊರಿನ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಫಿಲೋಮಿನಾ ಟೀಚರು ಸಂಜೆ ತರಗತಿ ನಡೆಸುತ್ತಿದ್ದರು. ಕೆಳಗೆ ಗಿರಣಿ ಓಡುವಾಗ ಮಹಡಿ ನಡುಗುತ್ತಿತ್ತು, ನಮ್ಮ ಕೂದಲಿಗೆ ಹಿಟ್ಟು ಕೂರುತ್ತಿತ್ತು. ಆ ನಡುಕದಲ್ಲೇ ನಾನು ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಅಷ್ಟಿಷ್ಟು ಕಲಿತೆ. ದೀಪದ ಹೊತ್ತು ಹತ್ತಿರ ಬಂದರೆ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಗಾಗಿ ನನ್ನ ತಿಳಿವಳಿಕೆಯೆಲ್ಲ ಅರ್ಧರ್ಧದ್ದೇ ಎಂಬ ಹೆದರಿಕೆ ನನಗೆ ಇವತ್ತಿಗೂ ಇದೆ.

ಊರಿನ ಬೀದಿಗಳೆಲ್ಲ ಇರುವುದು ಆ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ. ಒಂದೊಂದು ಬೀದಿಗೂ ಅಲ್ಲೊಂದು ಫೋಲ್ಡರಿದೆ. ಹೋದ ಚಳಿಗಾಲದಲ್ಲಿ ಆ ಡಿಸ್ಕು ತುಂಬಿಹೋಯಿತು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಕುಂಬಾರ ಬೀದಿಯ ಬಾವಿ ಗಾಲಿಯಿಲ್ಲದೆ ಬಂತು. ಇನ್ನೊಂದು ದಿನ ಗಾಣದ ಬೀದಿಯ ಕೊನೆಯ ಮನೆಗೆ ಹಿಂದಿನ ಗೋಡೆ ಬರಲಿಲ್ಲ. ಆ ಮನೆಯವರು ಸೀರೆಯನ್ನು ಅಡ್ಡ ಕಟ್ಟಿಕೊಂಡು ಸ್ನಾನ ಮಾಡಿದರು. ಹೊಸದಾಗಿ ಮದುವೆಯಾದವರಿಗೆ ಮನೆಗಳು ಬರುವುದೇ ನಿಂತಿತು. ಅತ್ತೆಯ ಮನೆಯ ನಡುಮನೆಯಲ್ಲೇ ಪರದೆ ಕಟ್ಟಿಕೊಂಡರು. ಕೊನೆಗೆ ಪುರಸಭೆಯ ಹೆಡ್ ಕ್ಲಾರ್ಕ್ ವೀರಭದ್ರಯ್ಯನವರು ಬರೆದು ಬರೆದು ಹೊರಗಿನಿಂದ ಒಂದು ಹೊಸ ಡಿಸ್ಕು ತರಿಸಿದರು.

ಅದನ್ನು ಯಂತ್ರಕ್ಕೆ ಸಿಕ್ಕಿಸಿದ ದಿನ ನಾನು ಬೆಳಗಿನ ತಿಂಡಿ ತಿಂದಿರಲಿಲ್ಲ. ಸಿಕ್ಕಿಸಿ, ಯಂತ್ರವನ್ನು ಕೇಳಿದೆ: ನಿನ್ನಲ್ಲಿ ಯಾವ ಯಾವ ಡಿಸ್ಕುಗಳಿವೆ? ಅದು ಹಳೆಯದೊಂದರ ಹೆಸರನ್ನೇ ಹೇಳಿತು. ಮತ್ತೆ ಕೇಳಿದೆ. ಮತ್ತೆ ಅದೇ.

“ಏನಯ್ಯಾ ಚಿದಾನಂದ, ಕಾಣ್ತಾ ಇಲ್ವಾ?” ವೀರಭದ್ರಯ್ಯನವರು ನನ್ನ ಹೆಗಲ ಮೇಲಿಂದ ಬಗ್ಗಿದರು.

“ಇಲ್ಲ ಸಾರ್. ನಾನೇ ಏನೋ ತಪ್ಪು ಮಾಡಿರಬೇಕು.”

“ಅದು ನೀನು ದಿನಾ ಹೇಳೋದು. ಇವತ್ತು ಏನು ತಪ್ಪು, ಅದನ್ನ ಹೇಳು.”

ಕೇಬಲ್ಲು ತೆಗೆದು ನೋಡಿದೆ. ಡಿಸ್ಕಿನ ಹಲ್ಲುಗಳ ಸಂದಿಯಲ್ಲೆಲ್ಲ ಕೆಂಪಗೆ ಏನೋ ತುಂಬಿತ್ತು.

“ಸಾರ್, ಇದಕ್ಕೆ ಕುಂಕುಮ ಇಟ್ಟಿದ್ದು ಯಾರು?”

ಅವರು ಕಿಟಕಿಯಾಚೆ ನೋಡಿದರು. “ಹೊಸ ಸಾಮಾನು ಬಂದ್ರೆ ಪೂಜೆ ಮಾಡದೆ ಒಳಗೆ ತಗೊಳ್ಳೋದಾ? ಮೇಲ್ಗಡೆ ಇಟ್ಟೆ. ಜಾರಿರಬೇಕು.”

ಊದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಮತ್ತೆ ಸಿಕ್ಕಿಸಿದೆ. ಯಂತ್ರ ಈಗ ಎರಡು ಡಿಸ್ಕುಗಳ ಹೆಸರು ಹೇಳಿತು. ವೀರಭದ್ರಯ್ಯನವರು, “ಕುಂಕುಮ ಇಟ್ಟಿದ್ದಕ್ಕೇ ಕೊನೆಗೆ ಕಂಡಿದ್ದು” ಎಂದು ತಮ್ಮ ಕುರ್ಚಿಗೆ ಹೋದರು.

ಆಮೇಲೆ ಅದನ್ನು ಫಾರ್ಮ್ಯಾಟ್ ಮಾಡಬೇಕಿತ್ತು, ಅಂದರೆ ಒಳಗೆಲ್ಲ ಗುಡಿಸಿ ಸಾರಿಸಿ ಸಿದ್ಧ ಮಾಡಬೇಕಿತ್ತು. ಎರಡರ ಹೆಸರಿಗೂ ಇರುವ ವ್ಯತ್ಯಾಸ ಒಂದೇ ಅಕ್ಷರ. ಹಳೆಯದನ್ನು ಗುಡಿಸಿದೆನೋ, ನಾಳೆ ಬೆಳಿಗ್ಗೆ ಕರೆಯಲು ಊರೇ ಇರುವುದಿಲ್ಲ. ಗಾತ್ರ ನೋಡಿದೆ. ಮೈಮೇಲಿನ ಸಂಖ್ಯೆ ನೋಡಿದೆ. ಕೊನೆಗೆ ಎರಡರ ಮೇಲೂ ಅಂಗೈ ಇಟ್ಟೆ. ಹಳೆಯದು ಬೆಚ್ಚಗಿತ್ತು, ಹಾಲು ಕಾಯಿಸಿ ಇಳಿಸಿದ ಪಾತ್ರೆಯ ಹಾಗೆ. ಹೊಸದು ತಣ್ಣಗಿತ್ತು. ತಣ್ಣಗಿದ್ದುದನ್ನು ಗುಡಿಸಿದೆ. ಕಿಟಕಿಯಿಂದ ಹೊರಗೆ ನೋಡಿದರೆ ಊರು ಹಾಗೇ ಇತ್ತು. ನಾನು ನೀರು ಕುಡಿದೆ.

ಇನ್ನು ಉಳಿದದ್ದು ಒಂದೇ ಕೆಲಸ. ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿದರೆ ಸಾಲದು, ಅದನ್ನು ಯಾವುದಾದರೂ ಫೋಲ್ಡರಿನ ಮೇಲೆ ಕೂಡಿಸಬೇಕು. ಅದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಖಾಲಿ ಫೋಲ್ಡರನ್ನೇ ಆರಿಸಬೇಕೆಂದು ಟೀಚರು ಹೇಳಿದ್ದು ನೆನಪಿತ್ತು. ಕೆರೆಯ ಪಕ್ಕದ ಬಯಲಿನ ಹೆಸರಿನಲ್ಲಿ ಖಾಲಿ ಫೋಲ್ಡರೊಂದನ್ನು ಮಾಡಿಟ್ಟೂ ಇದ್ದೆ. ಆದರೆ ನನಗೊಂದು ಅಭ್ಯಾಸ. ದಿನಾ ಬೆಳಿಗ್ಗೆ ಕಚೇರಿಗೆ ಬಂದೊಡನೆ ಎಲ್ಲಕ್ಕಿಂತ ಮೊದಲು ನನ್ನ ಬೀದಿಯ ಹೆಸರು ಒತ್ತಿ, ಅದು ಬಂದಿದೆಯೇ ಎಂದು ಯಂತ್ರವನ್ನು ಕೇಳುತ್ತೇನೆ. ಅದೇ ಬೀದಿಯಿಂದ ನಡೆದು ಬಂದಿರುತ್ತೇನೆ, ಆದರೂ ಕೇಳುತ್ತೇನೆ. ಆ ದಿನ ಗುಡಿಸುವ ಕೆಲಸ ಸುಸೂತ್ರವಾಗಿ ಮುಗಿದ ನೆಮ್ಮದಿಯಲ್ಲಿ ಮನಸ್ಸು ಸಡಿಲವಾಗಿತ್ತು. ಬಯಲಿನ ಹೆಸರು ಒತ್ತಬೇಕಾದಲ್ಲಿ ಬೆರಳುಗಳು ತಮ್ಮ ಪಾಡಿಗೆ ತಾವು ಬಳೆಗಾರರ ಬೀದಿ ಎಂದು ಒತ್ತಿದವು.

ಯಂತ್ರ ಏನೂ ಅನ್ನಲಿಲ್ಲ. ಎಲ್ಲ ಸರಿ ಹೋದಾಗ ಅದು ಏನೂ ಅನ್ನುವುದಿಲ್ಲ. ನನಗೆ ಗೊತ್ತಾದದ್ದು ನಲ್ಲಿಯಿಂದ. ನನ್ನ ಮೇಜಿನ ಕಿಟಕಿಗೆ ನಮ್ಮ ಬೀದಿಯ ಬಾಯಿ ಕಾಣುತ್ತದೆ. ದಿನವಿಡೀ ಆ ತೊಟ್ಟಿಕ್ಕುವ ಸದ್ದು ಕಿವಿಯ ಮೂಲೆಯಲ್ಲಿರುತ್ತದೆ. ಅದು ನಿಂತಿತು.

ತಲೆಯೆತ್ತಿದೆ. ನಲ್ಲಿ ಇರಲಿಲ್ಲ. ಬಳೆ ಅಂಗಡಿಗಳ ಗಾಜಿನ ಮಿಣುಕು ಇರಲಿಲ್ಲ. ನಮ್ಮ ಬೀದಿ ಇದ್ದ ಜಾಗದಲ್ಲಿ ಬೇರೊಂದು ಬೀದಿ ಚಾಚಿಕೊಂಡಿತ್ತು. ಆಗತಾನೆ ಸುಣ್ಣ ಬಳಿದ ಗೋಡೆಗಳು, ತೆರೆದ ಬಾಗಿಲುಗಳು, ಒಂದು ಕಾಲ ಗುರುತೂ ಇಲ್ಲದ ಕಲ್ಲುಹಾಸು. ಇಳಿಹೊತ್ತಿನ ಬಿಸಿಲು ಅದರ ಮೇಲೆ ಎಲ್ಲೂ ಕೂರದೆ ಜಾರುತ್ತಿತ್ತು.

“ಸಾರ್,” ಎಂದೆ. ಕಿಟಕಿಯ ಕಡೆ ಕೈ ತೋರಿಸಿದೆ.

ವೀರಭದ್ರಯ್ಯನವರು ಬಂದು ನೋಡಿದರು. “ಆಹಾ, ಎಷ್ಟು ಚೆನ್ನಾಗಿದೆಯಯ್ಯಾ!” ಎಂದರು. ಆಮೇಲೆ ನನ್ನ ಮುಖ ನೋಡಿದರು. ಮತ್ತೆ ಕಿಟಕಿ ನೋಡಿದರು. “ಅದು ನಿಮ್ಮ ಬೀದಿ ಜಾಗ ಅಲ್ವೇನೋ?”

“ಕಮಲಾಕ್ಷಿ ಮನೇಲಿದ್ಲು ಸಾರ್.”

ಅವರು ಪಕ್ಕದಲ್ಲಿ ಕೂತು ನನ್ನ ಬೆನ್ನಿನ ಮೇಲೆ ಕೈ ಇಟ್ಟರು. ನಾನು ಅತ್ತೆನೋ ಏನೋ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮಹಡಿಯ ನಡುಕ ಮತ್ತು ಫಿಲೋಮಿನಾ ಟೀಚರ ದನಿ. ಅವರು ಹೇಳುತ್ತಿದ್ದರು: ಮೇಲೆ ಹೊದಿಸಿದ್ದು ಅಳಿಸಿದ್ದಲ್ಲ ಕಣಯ್ಯಾ, ಕಂಬಳಿ ತೆಗೆದರೆ ಮಲಗಿದವರು ಹಾಗೇ ಇರುತ್ತಾರೆ. ಆ ಪಾಠವಾದರೂ ಪೂರ್ತಿ ಮುಗಿದಿತ್ತೇ, ಅಥವಾ ಅದರ ಮುಂದೆ ‘ಆದರೆ’ ಎಂದು ಏನಾದರೂ ಇತ್ತೇ? ಹಳೆಯ ಡಿಸ್ಕು ಎಷ್ಟು ತುಂಬಿದೆ ಎಂದು ಯಂತ್ರವನ್ನು ಕೇಳಿದೆ. ಬೆಳಿಗ್ಗೆ ಎಷ್ಟು ತುಂಬಿತ್ತೋ ಈಗಲೂ ಅಷ್ಟೇ ತುಂಬಿತ್ತು. ಒಂದು ಬಳೆಯಷ್ಟೂ ಕಡಿಮೆಯಾಗಿರಲಿಲ್ಲ. ಅಂದರೆ ನಮ್ಮ ಬೀದಿ ಎಲ್ಲಿಗೂ ಹೋಗಿರಲಿಲ್ಲ. ಹೊಸ ಬೀದಿಯ ಕೆಳಗೆ ಇತ್ತು, ಕಮಲಾಕ್ಷಿಯೂ ಇದ್ದಳು.

“ಹಾಗಾದ್ರೆ ಕಂಬಳಿ ತೆಗಿ” ಎಂದರು ವೀರಭದ್ರಯ್ಯನವರು. “ದೀಪದ ಹೊತ್ತಿನೊಳಗೆ ತೆಗಿ.”

ಅದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಜೆ ಹೊರಡುವುದು ಮೇಲಿದ್ದ ಬೀದಿ. ಕೆಳಗಿದ್ದುದು ಉಳಿದವುಗಳ ಜೊತೆ ಹೋಗದೆ ಹಿಂದೆ ಉಳಿದರೆ ಏನಾಗುತ್ತದೆಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಯಂತ್ರ ಬರುವ ಮುಂಚೆ, ಮನುಷ್ಯರೇ ಗಂಟಲಿನಿಂದ ಬೀದಿಗಳನ್ನು ಕರೆಯುತ್ತಿದ್ದ ಕಾಲದಲ್ಲಿ ಹಾಗೆ ಉಳಿದುಹೋದ ಒಂದು ಓಣಿಯಿತ್ತಂತೆ. ಅದರ ಹೆಸರು ಈಗ ಯಾರಿಗೂ ಬಾರದು.

ತೆಗೆಯುವ ಮುಂಚೆ ಒಮ್ಮೆ ಒಳಗೆ ಹೋಗಿ ನೋಡಿ ಬರೋಣವೆನ್ನಿಸಿತು. ಹಾಗೆ ನೋಡದೆ ಯಾವ ಕೆಲಸವನ್ನೂ ಮಾಡುವವನಲ್ಲ ನಾನು. ಹೊಸ ಬೀದಿಯಲ್ಲಿ ನಡೆದೆ. ಗೋಡೆಗಳು ಹಸಿ ಸುಣ್ಣದ ವಾಸನೆ ಬೀರುತ್ತಿದ್ದವು. ನನ್ನ ಹೆಜ್ಜೆಯ ಸದ್ದು ನನಗಿಂತ ಸ್ವಲ್ಪ ತಡವಾಗಿ ಬರುತ್ತಿತ್ತು. ನಮ್ಮ ಮನೆಯಿರಬೇಕಾದಲ್ಲಿ ನಿಂತು ಕಾಲಿನಿಂದ ಕಲ್ಲುಹಾಸನ್ನು ಮೆಲ್ಲಗೆ ಒತ್ತಿದೆ. ಎಲ್ಲೂ ಯಾರೂ ಕಾಣಲಿಲ್ಲ. ಹೊರಗೆ ಬಂದೆ.

ಮೇಜಿಗೆ ಮರಳಿ, ಕೂಡಿಸಿದ್ದನ್ನು ಎತ್ತಲು ಅನ್‌ಮೌಂಟ್ ಎಂದು ಒತ್ತಿದೆ. ಈ ಸಲ ಯಂತ್ರ ಸುಮ್ಮನಿರಲಿಲ್ಲ. ಆಗುವುದಿಲ್ಲ, ಜಾಗ ಬಳಕೆಯಲ್ಲಿದೆ ಎಂದಿತು.

“ಬಳಕೇಲಿದೆ ಅಂದ್ರೆ?”

“ಒಳಗೆ ಜನ ಇದ್ದಾರೆ ಸಾರ್.”

“ಅರ್ಧ ಗಂಟೆ ಆಗಿಲ್ಲ ಬೀದಿ ಬಂದು, ಆಗಲೇ ಯಾರು ಹೊಕ್ಕೊಂಡ್ರು? ಕೇಬಲ್ಲು ಕಿತ್ತು ಬಿಸಾಕು ಅತ್ಲಾಗೆ!”

“ಕಿತ್ತರೆ ಒಳಗಿರೋರು ಎಲ್ಲಿಗೆ ಹೋಗ್ತಾರೆ ಸಾರ್?”

ಅವರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಒಳಗೆ ಯಾರಿದ್ದಾರೆ ಎಂದು ಯಂತ್ರವನ್ನು ಕೇಳಿದೆ. ಪರದೆಯ ಮೇಲೆ ಮೊದಲು ಬಂದ ಹೆಸರು, ಗಾಣದ ಬೀದಿಯ ನಿಂಗಮ್ಮ. ಅಷ್ಟು ಓದಿದ್ದೇ ತಡ, ಕುರ್ಚಿ ಮಗುಚಿದ್ದನ್ನೂ ನೋಡದೆ ಓಡಿದೆ.

ನಿಂಗಮ್ಮನನ್ನು ಊರಿನಲ್ಲಿ ಅರಿಯದವರಿಲ್ಲ. ಗಾಣದ ಬೀದಿಯ ದೊಡ್ಡ ಮನೆಯ ಹಿರಿ ಸೊಸೆ. ಆ ಮನೆಯಲ್ಲಿ ಒಂದು ಪಂಕ್ತಿ ಎದ್ದರೆ ಇನ್ನೊಂದು ಪಂಕ್ತಿ ಕೂರುತ್ತದೆ. ಹಿಂದಿನ ಗೋಡೆ ಬಾರದೆ ಸೀರೆ ಅಡ್ಡ ಕಟ್ಟಿಕೊಂಡವರು ಅವರೇ. ಅವಳು ಹೊಸ ಬೀದಿಯ ಕಟ್ಟಕಡೆಯ ಮನೆಯಲ್ಲಿ, ನಡುಮನೆಯ ಗೋಡೆಗೆ ಒರಗಿ, ಕಾಲು ಚಾಚಿ ಕೂತು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಪಕ್ಕದಲ್ಲಿ ಸುತ್ತಿದ ಚಾಪೆ. ಬಾಗಿಲ ಹಿಂದೆ ಇದ್ದುದರಿಂದ ಮೊದಲು ಬಂದಾಗ ನನಗೆ ಕಂಡಿರಲಿಲ್ಲ.

“ಬಾರಪ್ಪ ಚಿದಾನಂದ. ಕೂತ್ಕೊ. ಎಲ್ಲಿ ಬೇಕಾದ್ರೂ ಕೂತ್ಕೊ, ಜಾಗ ಎಷ್ಟಿದೆ ನೋಡು!”

“ನಿಂಗಮ್ಮ, ನೀವು ಇಲ್ಲಿಂದ ಏಳಬೇಕು.”

“ಯಾಕೆ? ಇದು ಯಾರಪ್ಪನ ಮನೆ?”

“ಯಾರದೂ ಅಲ್ಲ. ಅದಕ್ಕೇ.”

“ಅದಕ್ಕೇ ನಾನು ಬಂದಿದ್ದು” ಎಂದಳು. “ಗೋಡೆ ನೋಡು. ಒಂದು ಮೊಳೆ ಹೊಡೆದಿಲ್ಲ. ಒಬ್ಬರ ಅಂಗಿ ನೇತಾಡ್ತಾ ಇಲ್ಲ. ನಾನು ಬಂದು ಇಷ್ಟು ಹೊತ್ತಾಯ್ತು, ಒಬ್ಬರಾದ್ರೂ ‘ನಿಂಗಮ್ಮಾ, ಸಾರಿಗೆ ಉಪ್ಪಿಲ್ಲ’ ಅಂದ್ರಾ? ಹದಿನಾಲ್ಕು ವರ್ಷದ ಹುಡುಗಿ ಆ ಮನೆಗೆ ಬಂದೆ. ಅವತ್ತಿಂದ ಇವತ್ತಿನ ತನಕ ಕೂತು ಎಲೆ ಅಡಿಕೆ ಹಾಕ್ಕೊಂಡಿಲ್ಲ, ಗೊತ್ತಾ? ನಿಂತ್ಕೊಂಡೇ ಹಾಕ್ಕೊಂಡಿರೋದು. ಏಳಲ್ಲ. ನೀನು ಹೋಗು.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಕಾಲುಗಳನ್ನು ನೋಡಿದೆ. ಹಿಮ್ಮಡಿ ಒಡೆದ ಆ ಕಾಲುಗಳು ತಣ್ಣನೆಯ ನೆಲದ ಮೇಲೆ ಎರಡು ದಣಿದ ಪ್ರಾಣಿಗಳ ಹಾಗೆ ಮಲಗಿದ್ದವು. ಕೇಬಲ್ಲು ಕೀಳುತ್ತಾರೆಂದು ಹೆದರಿಸಬಹುದಿತ್ತು. ಬೀದಿ ಕುಸಿಯುತ್ತದೆಂದು ಸುಳ್ಳು ಹೇಳಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದು ಹಿಂದೆ ಸರಿದವು. ಅವಳ ಎದುರು ನೆಲದ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಬೆರಳು ತಪ್ಪಿದ್ದು, ಈ ಬೀದಿಯ ಕೆಳಗೆ ನಮ್ಮ ಬೀದಿ ಇರುವುದು, ಅದರಲ್ಲಿ ಕಮಲಾಕ್ಷಿ ಇರುವುದು, ದೀಪದ ಹೊತ್ತು.

ನಿಂಗಮ್ಮ ಕುಟ್ಟುವುದನ್ನು ನಿಲ್ಲಿಸಿದಳು. ನೆಲದ ಮೇಲೆ ಅಂಗೈ ಇಟ್ಟಳು.

“ಹಾಗಾದ್ರೆ ಅದು ನನ್ನ ಕಿವಿಯ ಚಾಳಿ ಅಲ್ಲ” ಎಂದಳು. “ಆಗಿಂದ ನೆಲದೊಳಗೆ ಯಾರೋ ಒಗ್ಗರಣೆ ಹಾಕ್ತಾ ಇದ್ದಾರೆ. ಚುಂಯ್ ಅಂತಿತ್ತು. ಇಷ್ಟು ವರ್ಷ ಕೇಳಿ ಕೇಳಿ, ಖಾಲಿ ಮನೆಗೆ ಬಂದ್ರೂ ಆ ಸದ್ದು ನನ್ನ ಬೆನ್ನು ಹತ್ತಿ ಬಂತಲ್ಲಪ್ಪಾ ಅಂತ ಬೈಕೊಂಡೆ.”

ನಾನು ನೆಲಕ್ಕೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. ನನ್ನ ಎದೆಯ ಸದ್ದೇ ಜೋರಾಗಿತ್ತು.

“ಈ ಬೀದೀನ ಎತ್ತಿ ಬಿಸಾಕ್ತೀಯಾ?” ಎಂದು ಕೇಳಿದಳು.

“ಇಲ್ಲ. ಕೆರೆ ಪಕ್ಕದ ಬಯಲಿನಲ್ಲಿ ಕೂಡಿಸ್ತೀನಿ. ಅಲ್ಲಿ ಕೆಳಗೆ ಯಾರೂ ಇಲ್ಲ.”

“ಇವತ್ತೇ?”

“ಇವತ್ತೇ.”

“ಈ ಮನೆ ನಂಗೆ?”

ಮನೆ ಕೊಡುವ ಅಧಿಕಾರ ನನಗೆ ಎಲ್ಲಿಂದ ಬರಬೇಕು? ಆದರೂ ಕೊಟ್ಟೆ. “ನಿಮಗೇ” ಎಂದೆ.

ಅವಳು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. ಬೀದಿಯ ಬಾಯಿಗೆ ಬಂದು ಒಂದು ಹೆಜ್ಜೆ ಹೊರಗಿಟ್ಟು, ಹಿಂತಿರುಗಿ, “ಹೋಗಿ ಬರ್ತೀನಿ” ಎಂದಳು. ನಾನು ಒಳಗೆ ನಿಂತಿದ್ದೆ. “ಹೋಗಿ ಬನ್ನಿ” ಎಂದೆ. ಆಮೇಲೆ ಅವಳನ್ನು ದಾಟಿಕೊಂಡು ಕಚೇರಿಗೆ ಓಡಿದೆ. ಬಿಸಿಲು ಆಗಲೇ ಹಳದಿಯಾಗಿತ್ತು.

ಅನ್‌ಮೌಂಟ್ ಎಂದು ಒತ್ತಿದೆ. ಜಾಗ ಬಳಕೆಯಲ್ಲಿದೆ ಎಂದಿತು ಯಂತ್ರ.

“ಮತ್ತೆ ಯಾರಪ್ಪಾ?” ವೀರಭದ್ರಯ್ಯನವರು ಪರದೆಗೆ ಮೂಗು ತಾಗಿಸಿ ನಿಂತರು.

ಯಾರೆಂದು ಕೇಳಿದೆ. ಒಂದೇ ಹೆಸರು ಬಂತು. ಚಿದಾನಂದ, ಬಳೆಗಾರರ ಬೀದಿ.

“ಇದಕ್ಕೆ ತಲೆ ಕೆಟ್ಟಿದೆ. ನೀನು ಇಲ್ಲೇ ಕೂತಿದ್ದೀಯಲ್ಲ!”

ನನಗೂ ಮೊದಲು ಹಾಗೇ ಅನ್ನಿಸಿತು. ಯಂತ್ರ ಕೆಟ್ಟಿತು, ನನ್ನಿಂದಲೇ ಕೆಟ್ಟಿತು ಎಂದುಕೊಂಡೆ. ನನ್ನ ತೋಳನ್ನು ನಾನೇ ಮುಟ್ಟಿ ನೋಡಿದೆ. ಆಗ ಗಮನಕ್ಕೆ ಬಂತು, ಆಗಿನಿಂದ ನನ್ನ ಅಂಗಾಲು ತಣ್ಣಗೆ ಕೊರೆಯುತ್ತಿತ್ತು. ಯಾರೂ ನಡೆಯದ ಕಲ್ಲುಹಾಸಿನ ಮೇಲೆ ಇನ್ನೂ ನಿಂತಿರುವ ಹಾಗೆ. ಮೊದಲ ಸಲ ಆ ಬೀದಿಯಿಂದ ಹೊರಬಂದಾಗ ‘ಹೋಗಿ ಬರ್ತೀನಿ’ ಎಂದಿರಲಿಲ್ಲ. ಯಾರೂ ಕಾಣದ್ದರಿಂದ ಯಾರಿಗೆ ಹೇಳಬೇಕೆಂದು ಸುಮ್ಮನೆ ಬಂದಿದ್ದೆ. ನಿಂಗಮ್ಮನ ಹಿಂದೆಯೇ ಬಂದಾಗಲೂ ಹೇಳಲಿಲ್ಲ. ಅವಳ ಹೆಸರಿನ ಕೆಳಗೆ ನನ್ನ ಹೆಸರೂ ಆಗಲೇ ಇದ್ದಿರಬೇಕು, ನಾನು ನಿಂತು ಓದಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಹೇಳದೆ ಯಾವ ಬೀದಿಯನ್ನೂ ದಾಟದವನು ನಾನು. ನನ್ನ ಹೆಂಡತಿಯ ಮೇಲೆ ಕಂಬಳಿ ಹೊದಿಸಿ, ಅದರ ಮೇಲೆ ನಾನೇ ನಿಂತುಕೊಂಡು, ಯಾರು ನಿಂತಿದ್ದಾರೆಂದು ಊರೆಲ್ಲ ಹುಡುಕುತ್ತಿದ್ದೆ.

ನಾನೂ ವೀರಭದ್ರಯ್ಯನವರೂ ಹೊಸ ಬೀದಿಯ ಬಾಯಿಗೆ ಬಂದೆವು. ನಿಂಗಮ್ಮ ಚಾಪೆ ಹಿಡಿದು ಅಲ್ಲೇ ನಿಂತಿದ್ದಳು. ಕೆರೆಯ ಆಚೆ ದಡದಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಬೇರೆ ಬೀದಿಗಳ ಬಾಯಲ್ಲಿ ಜನ ಒಬ್ಬೊಬ್ಬರಾಗಿ ವಿದಾಯ ಹೇಳಿ ಮನೆಗೆ ಹೊರಡತೊಡಗಿದ್ದರು. ಎಲ್ಲ ಕಡೆಯಿಂದಲೂ ಹೋಗಿ ಬರ್ತೀನಿ, ಹೋಗಿ ಬನ್ನಿ ಎಂಬ ಸದ್ದು ಗೂಡಿಗೆ ಮರಳುವ ಹಕ್ಕಿಗಳ ಸದ್ದಿನಂತೆ ಬರುತ್ತಿತ್ತು.

ನಾನು ಹೊರಗೆ ನಿಂತು, ಒಳಕ್ಕೆ ಮುಖ ಮಾಡಿ, “ಹೋಗಿ ಬರ್ತೀನಿ” ಎಂದೆ. ಸುಣ್ಣದ ಗೋಡೆಗಳು ಅದನ್ನು ಒಂದಕ್ಕೊಂದು ದಾಟಿಸಿ ಕೊನೆಗೆ ಎಲ್ಲೋ ಇಟ್ಟುಬಿಟ್ಟವು. ಉತ್ತರ ಬರಲಿಲ್ಲ.

“ನಿಲ್ಲು, ನಾನು ಒಳಗೆ ಹೋಗಿ ಹೇಳ್ತೀನಿ” ಎಂದು ವೀರಭದ್ರಯ್ಯನವರು ಪಂಚೆ ಎತ್ತಿ ಕಟ್ಟಿದರು.

“ಆಮೇಲೆ ನಿಮಗೆ ಯಾರು ಹೇಳ್ತಾರೆ ಸಾರ್?”

“ನಿಂಗಮ್ಮ ಹೇಳ್ತಾಳೆ.”

“ನಿಂಗಮ್ಮನಿಗೆ?”

ಅವರು ಪಂಚೆ ಹಿಡಿದುಕೊಂಡೇ ಯೋಚಿಸಿದರು. ತುಟಿಗಳು ಅಲುಗಿದವು, ಬೆರಳು ಮಡಿಸಿದರು, ಮತ್ತೆ ಬಿಚ್ಚಿದರು. ಆಮೇಲೆ ಪಂಚೆ ಇಳಿಬಿಟ್ಟರು. “ಕೊನೆಗೆ ಒಬ್ಬರು ಉಳಿದೇ ಉಳೀತಾರೆ” ಎಂದರು ಸಣ್ಣ ದನಿಯಲ್ಲಿ.

ನನಗೂ ಅದೇ ಹೊಳೆದಿತ್ತು. ಉಳಿಯುವುದಾದರೆ ನಾನೇ ಉಳಿಯಬೇಕು, ನನ್ನಿಂದಲೇ ಆದದ್ದು. ಆದರೆ ನಾನು ಒಳಗಿರುವ ತನಕ ಕಂಬಳಿ ಏಳುವುದಿಲ್ಲ. ತಪ್ಪಿಗೆ ತಲೆ ಕೊಡುತ್ತೇನೆಂದರೂ ಅದು ಯಾರಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ.

“ನೀನು ಗೋಡೆಗೆ ಹೇಳ್ತಾ ಇದ್ದೀಯಲ್ಲಪ್ಪ,” ಎಂದಳು ನಿಂಗಮ್ಮ. “ಗೋಡೆ ಇವತ್ತು ಬಂದಿದ್ದು, ಅದಕ್ಕೇನು ಗೊತ್ತು? ಒಗ್ಗರಣೆ ಹಾಕ್ತಾ ಇದ್ದೋಳಿಗೆ ಹೇಳು.”

ನಮ್ಮ ನಲ್ಲಿ ಇರಬೇಕಾದ ಜಾಗವನ್ನು ಅಂದಾಜಿನಿಂದ ಗುರುತಿಸಿದೆ. ಅಲ್ಲಿ ಮಂಡಿಯೂರಿ, ಎರಡು ಕೈಯನ್ನೂ ನೆಲಕ್ಕೆ ಊರಿ, ಬಾಯಿಯನ್ನು ಕಲ್ಲಿನ ಸಂದಿಗೆ ಹತ್ತಿರ ತಂದೆ. ಕಚೇರಿಯಿಂದ ಹೊರಟ ಕೆಲವರು ನಿಂತು ನೋಡಿದರು. ದಿನಾ ಬೆಳಿಗ್ಗೆ ಹೇಳುವ ದನಿಯಲ್ಲೇ ಹೇಳಿದೆ.

“ಹೋಗಿ ಬರ್ತೀನಿ.”

ಮೊದಲು ಏನೂ ಇಲ್ಲ. ಆಮೇಲೆ ಬಹಳ ಕೆಳಗೆ, ಯಾರೋ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟ ಸದ್ದು. ಬಳೆಗಳ ಸದ್ದು. ಬಾಗಿಲ ತನಕ ಬಂದ ಹೆಜ್ಜೆಗಳು. ಆಮೇಲೆ, ನೀರೊಳಗಿಂದ ಬಂದ ಹಾಗೆ ಮೆತ್ತಗೆ, ನನಗೆ ಗೊತ್ತಿದ್ದ ದನಿ.

“ಹೋಗಿ ಬನ್ನಿ. ಎಲ್ಲ ಸರಿಯಾಗಿದೆ.”

ಅಂಗಾಲಿನ ತಣುಪು ಆ ಕ್ಷಣವೇ ಬಿಟ್ಟಿತು. ನಾನು ಎದ್ದು ಓಡಿದ್ದು, ಮೆಟ್ಟಿಲು ಹತ್ತಿದ್ದು ಯಾವುದೂ ನೆನಪಿಲ್ಲ. ಅನ್‌ಮೌಂಟ್ ಎಂದು ಒತ್ತಿದೆ. ಯಂತ್ರ ಏನೂ ಅನ್ನಲಿಲ್ಲ. ಕಿಟಕಿಯ ಕಡೆ ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿ ಕೂತೆ. ಆಗ ಕಿವಿಯ ಮೂಲೆಯಲ್ಲಿ ತೊಟ್ಟಿಕ್ಕುವ ಸದ್ದು ಶುರುವಾಯಿತು. ಒಂದು ಹನಿ. ಇನ್ನೊಂದು.

“ಬಂತು ಕಣಯ್ಯಾ!” ವೀರಭದ್ರಯ್ಯನವರು ಏದುಸಿರು ಬಿಡುತ್ತ ಒಳಗೆ ಬಂದರು. “ಏಳು, ಮನೆಗೆ ಓಡು.”

“ಇನ್ನೊಂದು ಕೆಲಸ ಇದೆ ಸಾರ್. ಮಾತು ಕೊಟ್ಟಿದ್ದೀನಿ.”

ಕಾಲು ಮನೆಯ ಕಡೆ ಎಳೆಯುತ್ತಿತ್ತು, ಕೈ ಮೇಜಿನ ಮೇಲಿತ್ತು. ಕೆರೆ ಪಕ್ಕದ ಬಯಲಿನ ಹೆಸರನ್ನು ಒತ್ತಿದೆ. ಕೊನೆಯ ಗುಂಡಿ ಒತ್ತುವ ಮೊದಲು ಅವರಿಂದ ಗಟ್ಟಿಯಾಗಿ ಓದಿಸಿದೆ. ಅವರು ಕನ್ನಡಕ ಹಾಕಿಕೊಂಡು, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿದರು. ಎರಡನೆಯ ಸಲವೂ ಓದಿಸಿದೆ. ಮೂರನೆಯ ಸಲಕ್ಕೆ ಅವರೇ ನನ್ನ ಬೆರಳು ಹಿಡಿದು ಗುಂಡಿ ಒತ್ತಿಸಿದರು. ಕೆರೆಯ ಪಕ್ಕದಲ್ಲಿ ಬಿಳಿಯ ಬೀದಿ ಸದ್ದಿಲ್ಲದೆ ಬಿಡಿಸಿಕೊಂಡಿತು, ಅದರ ನೆರಳು ನೀರಿನಲ್ಲೂ ಬಿಡಿಸಿಕೊಂಡಿತು. ಚಾಪೆ ಹಿಡಿದ ಹೆಂಗಸೊಬ್ಬಳು ಅದರೊಳಗೆ ಹೋಗುವುದು ಕಂಡಿತು. ಅವಳು ಹಿಂದಿರುಗಿ ನೋಡಲಿಲ್ಲ. ಗಾಣದ ಬೀದಿಯ ಕಡೆಯಿಂದ ಯಾರೋ “ನಿಂಗಮ್ಮಾ, ನಿಂಗಮ್ಮಾ” ಎಂದು ಕರೆಯುತ್ತಿದ್ದರು.

ನಾನು ಮನೆ ತಲುಪಿದಾಗ ಕಮಲಾಕ್ಷಿ ದೀಪಕ್ಕೆ ಬತ್ತಿ ಹೊಸೆಯುತ್ತ ಬಾಗಿಲಲ್ಲಿ ಕೂತಿದ್ದಳು. ಅಂಗಳ, ಹೊಸಲು, ಅವಳ ಕಾಲ ಬೆರಳು, ಎಲ್ಲವನ್ನೂ ನೋಡಿದೆ. ಯಾವುದೂ ಕಡಿಮೆಯಾಗಿರಲಿಲ್ಲ.

“ಇವತ್ತು ಏನ್ರೀ ನಿಮ್ಮ ಅವತಾರ?” ಎಂದಳು. “ಮಧ್ಯಾಹ್ನದ ಮೇಲೆ ಮೋಡ ಕವಿದ ಹಾಗಿತ್ತು. ಸಾರಿಗೆ ಒಗ್ಗರಣೆ ಹಾಕಿ ಪಾತ್ರೆ ಇಳಿಸ್ತಿದ್ರೆ ಮಾಡಿನ ಮೇಲಿಂದ ಹೋಗಿ ಬರ್ತೀನಿ ಅಂತೀರಿ. ಬೆಕ್ಕಿನ ಹಾಗೆ ಮೇಲೆ ಹತ್ತಿ ಏನು ಮಾಡ್ತಿದ್ರಿ?”

“ಹೊಸ ಡಿಸ್ಕು ಕೂಡಿಸ್ತಿದ್ದೆ.”

“ಕೂತ್ಕೊಂತಾ?”

“ಕೂತ್ಕೊಂತು.”

ಅವಳು ಬತ್ತಿಯನ್ನು ಎಣ್ಣೆಗಿಟ್ಟು ನನ್ನ ಮುಖ ನೋಡಿದಳು. ನನ್ನ ಮಂಡಿಯ ಮೇಲಿನ ಸುಣ್ಣದ ಗುರುತು ನೋಡಿದಳು. ಏನೋ ಕೇಳಬೇಕೆಂದುಕೊಂಡು ಬಿಟ್ಟು, ಬೇರೆ ಕೇಳಿದಳು. “ಅಲ್ಲಿ ಎಲ್ಲ ಸರಿಯಾಗಿದೆಯಾ?”

ನಾನು ಈ ಪ್ರಶ್ನೆಗೆ ಯಾವತ್ತೂ ನೆಟ್ಟಗೆ ಉತ್ತರ ಕೊಟ್ಟವನಲ್ಲ. ನೋಡಬೇಕು ಎನ್ನುತ್ತೇನೆ, ಗೊತ್ತಿಲ್ಲ ಎನ್ನುತ್ತೇನೆ.

“ಎಲ್ಲ ಸರಿಯಾಗಿದೆ” ಎಂದೆ.

ಅವಳು ದೀಪ ಹಚ್ಚಿದಳು. ಹೆಂಚುಗಳು ಅಲುಗಲಿಲ್ಲ, ನಲ್ಲಿಯ ಒಂದು ಹನಿ ಬೀಳುವುದರೊಳಗೆ ಬೀದಿ ಹೊರಟಿತು. ಕೊನೆಯ ದೀಪದ ಕಂಬದಾಚೆ ಎಂದಿನ ಹಾಗೆ ಏನೂ ಇರಲಿಲ್ಲ. ಆ ಏನೂ ಇಲ್ಲದ ಕಡೆಯಿಂದ, ತೆಳ್ಳನೆಯ ಗಾಳಿಯ ಜೊತೆ, ಯಾರೋ ಒಬ್ಬರೇ ಕೂತು ಯಾವ ಆತುರವೂ ಇಲ್ಲದೆ ಕುಟ್ಟಾಣಿ ಕುಟ್ಟುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.